ಕಡಲ್ಗಳ್ಳರ ಚಿತ್ರವೆಂದರೆ ಬರಿಯ ಹೊಡೆದಾಟವೇ?

ಮಾನ್ಯ ಸಂಪಾದಕರೇ,

ಕಳೆದ ಶನಿವಾರ ಕಾಸರಗೋಡು ಜಿಲ್ಲೆಯ ಬೇಕಲದ ಕಡಲತೀರದಲ್ಲಿ ನಡೆದ ಮಕ್ಕಳ ಚಲನಚಿತ್ರ ಪ್ರದರ್ಶನದ ಕುರಿತು ಸೋಮವಾರದ ಸಂಚಿಕೆಯಲ್ಲಿ ತಾವು ಪ್ರಕಟಿಸಿದ ವರದಿಯನ್ನು ಓದಿದೆ. ‘ಕಡಲ್ಗಳ್ಳರ ಸಾಹಸ ಕಂಡು ಪುಳಕಗೊಂಡ ಪುಟಾಣಿಗಳು’ ಎಂದು ಶೀರ್ಷಿಕೆ ಕೊಟ್ಟಿದ್ದೀರಿ. ಮಗಳ ಮಕ್ಕಳಿಬ್ಬರನ್ನು ಕರೆದುಕೊಂಡು ಎರಡನೆಯ ಸಾಲಿನಲ್ಲಿಯೇ ಕುಳಿತಿದ್ದ ನನಗೆ ಪುಳಕಗೊಂಡ ಪುಟಾಣಿಗಳು ಒಬ್ಬರೂ ಕಾಣಿಸಲಿಲ್ಲ. ಕಂಡದ್ದು ಕುರ್ಚಿಯಲ್ಲಿಯೇ ನಿದ್ದೆ ಹೋದ ಮಕ್ಕಳು, ಮರಳಿನಲ್ಲಿ ಗುಂಡಿ ತೋಡುತ್ತಿದ್ದ ಮಕ್ಕಳು ಮತ್ತು ಸೊಳ್ಳೆ ಹೊಡೆಯುತ್ತಿದ್ದ ಹೆತ್ತವರು. ತಮ್ಮ ವರದಿಗಾರರು ಭಾಷಣ ಮುಗಿದ ಕೂಡಲೇ ಹೊರಟುಹೋಗಿರಬೇಕು. ಅವರನ್ನು ನಾನು ದೂರುವುದಿಲ್ಲ. ಬಸ್ಸು ಇದ್ದಿದ್ದರೆ ನಾನೂ ಹೊರಡುತ್ತಿದ್ದೆ.

ಕರಪತ್ರದಲ್ಲಿ ಆರೂವರೆಗೆ ಪ್ರದರ್ಶನ ಎಂದಿತ್ತು. ಆರೂವರೆಗೆ ಬೆಳಗಿದ್ದು ಪರದೆಯಲ್ಲ, ದೀಪ. ಕಡಲ ಗಾಳಿಗೆ ಅದು ನಾಲ್ಕು ಬಾರಿ ನಂದಿತು, ನಾಲ್ಕು ಬಾರಿಯೂ ಗಣ್ಯರೆಲ್ಲ ಸಾಲಾಗಿ ಬಂದು ಫೋಟೋದವರ ಕಡೆಗೆ ಮುಖ ಮಾಡಿ ಹಚ್ಚಿದರು. ಆಮೇಲೆ ಸ್ವಾಗತ, ಪ್ರಾಸ್ತಾವಿಕ, ಉದ್ಘಾಟನಾ ಭಾಷಣ, ಅಧ್ಯಕ್ಷೀಯ ಭಾಷಣ, ನಾಲ್ಕು ಮಂದಿಯ ಶುಭಾಶಂಸನೆ, ಸ್ಮರಣಿಕೆ ವಿತರಣೆ, ಧನ್ಯವಾದ. ಎಲ್ಲ ಮುಗಿಯುವಾಗ ಗಂಟೆ ಎಂಟೂಕಾಲು. ತೋರಿಸಬೇಕಾಗಿದ್ದದ್ದು 2003ರಲ್ಲಿ ಬಂದ ‘ಪೈರೇಟ್ಸ್ ಆಫ್ ದಿ ಕೆರಿಬಿಯನ್’ ಸರಣಿಯ ಮೊದಲನೆಯ ಚಿತ್ರ, 143 ನಿಮಿಷದ್ದು. ಮೈಕಿಗೆ ಅನುಮತಿ ಇದ್ದದ್ದು ಹತ್ತರವರೆಗೆ. ಈ ಲೆಕ್ಕ ವೇದಿಕೆಯ ಮೇಲಿದ್ದ ಯಾರಿಗೂ ಮೊದಲೇ ಹೊಳೆಯದೆ ಹೋದದ್ದು ಹೇಗೆಂದು ತಿಳಿಯದು. ಕೊನೆಗೆ ಉಸ್ತುವಾರಿ ಹೊತ್ತಿದ್ದ ಅಧಿಕಾರಿಯೊಬ್ಬರು ಲ್ಯಾಪ್‌ಟಾಪ್ ಹಿಡಿದು ಕುಳಿತ ಹುಡುಗನಿಗೆ, ‘ಕಥೆ ಎಲ್ಲ ಬೇಡ, ಫೈಟ್ ಮಾತ್ರ ಹಾಕಿದರೆ ಸಾಕು, ಮಕ್ಕಳಿಗೆ ಬೇಕಾದದ್ದು ಅದೇ’ ಎಂದು ಅಪ್ಪಣೆ ಕೊಟ್ಟದ್ದನ್ನು ನಾನು ನನ್ನ ಕಿವಿಯಾರೆ ಕೇಳಿದ್ದೇನೆ. ಈ ಪತ್ರ ಬರೆಯುತ್ತಿರುವುದು ಆ ಒಂದು ಮಾತಿಗಾಗಿ.

ನಾನು ಮೂವತ್ತು ವರ್ಷ ಹವ್ಯಾಸಿ ಯಕ್ಷಗಾನ ತಂಡದಲ್ಲಿ ಬಣ್ಣದ ವೇಷ, ಎಂದರೆ ರಕ್ಕಸನ ಪಾತ್ರ, ಮಾಡಿದವನು. ರಕ್ಕಸನೆಂದರೆ ಯುದ್ಧಕ್ಕಷ್ಟೇ ಬರುವವನಲ್ಲ. ತೆರೆಯ ಹಿಂದೆ ನಿಂತು ಮೊದಲು ಕಿರೀಟದ ತುದಿಯನ್ನಷ್ಟೇ ತೋರಿಸಿ, ಚೆಂಡೆಯ ಪೆಟ್ಟಿಗೆ ತೆರೆಯನ್ನು ಒಂದಿಷ್ಟು ತಗ್ಗಿಸಿ, ಮತ್ತೆ ಮರೆಯಾಗಿ ಅಬ್ಬರ ಕೊಡುವಷ್ಟರಲ್ಲಿ ಎದುರಿನ ಚಾಪೆಯಲ್ಲಿದ್ದ ಮಗು ತಾಯಿಯ ಮಡಿಲಿಗೆ ಸರಿದಿರುತ್ತದೆ. ಆಮೇಲೆ ಅವನು ಒಂದು ಸುತ್ತು ಗದೆ ತಿರುಗಿಸಿದರೂ ಸಾಕು. ಕಡಲ್ಗಳ್ಳರ ಚಿತ್ರದ ಮೋಜೂ ಇದೇ ದಾರಿಯಲ್ಲಿ ಬರುವಂಥದ್ದು. ಇದೇ ಚಿತ್ರದಲ್ಲಿ ನಾಯಕನು ಹಡಗಿನ ಕಂಬದ ತುದಿಯಲ್ಲಿ ಮಹಾರಾಜನಂತೆ ನಿಂತು ಬರುತ್ತಾನೆ. ನೋಡಿದರೆ ಅದು ಹಡಗಲ್ಲ, ಸಣ್ಣ ದೋಣಿ, ಅದಕ್ಕೂ ತೂತು. ಇಳಿದು ನೀರು ಎತ್ತಿ ಚೆಲ್ಲುತ್ತಾನೆ. ದೋಣಿ ಪೂರ್ತಿ ಮುಳುಗಿ ಕಂಬದ ತುದಿ ಮಾತ್ರ ಉಳಿಯುವ ಹೊತ್ತಿಗೆ ಸರಿಯಾಗಿ, ಕಾಲು ಒದ್ದೆಯಾಗದಂತೆ ಕಟ್ಟೆಯ ಮೇಲೆ ಹೆಜ್ಜೆ ಇಡುತ್ತಾನೆ. ಒಂದು ಮಾತಿಲ್ಲದೆ ಇವನು ಪೊಗರಿನವನು, ದರಿದ್ರನು, ಆದರೆ ಅದೃಷ್ಟವಂತನು ಎಂಬುದೆಲ್ಲ ಗೊತ್ತಾಗಿಬಿಡುತ್ತದೆ. ಜಾನಿ ಡೆಪ್ ಎಂಬ ನಟನನ್ನು ಲೋಕವೆಲ್ಲ ನೆನಪಿಟ್ಟುಕೊಂಡಿರುವುದರಲ್ಲಿ ಈ ಪ್ರವೇಶದ ಪಾಲು ದೊಡ್ಡದು. ನಮ್ಮ ಅಧಿಕಾರಿಗಳು ಮೊದಲು ಕತ್ತರಿಸಿದ್ದು ಅದನ್ನೇ.

ಮುಂದಿನದು ಇನ್ನೂ ಚೆಂದ. ಆ ಕಳ್ಳರಿಗೆ ಒಂದು ಶಾಪವಿದೆ. ಕದ್ದ 882 ಚಿನ್ನದ ನಾಣ್ಯಗಳೂ ಪೆಟ್ಟಿಗೆಗೆ ಮರಳುವವರೆಗೆ ಅವರಿಗೆ ಸಾವಿಲ್ಲ, ತಿಂದದ್ದರ ರುಚಿಯಿಲ್ಲ, ಬೆಳದಿಂಗಳು ಬಿದ್ದರೆ ಎಲುಬಿನ ಹಂದರವಾಗಿ ಕಾಣುತ್ತಾರೆ. ಇದನ್ನು ಖಳನಾಯಕನು ಊಟದ ಮೇಜಿನಲ್ಲಿ ಹೇಳುತ್ತಾನೆ. ಊಟದ ಮೇಜಿನಲ್ಲಿ ಫೈಟ್ ಇಲ್ಲವಲ್ಲ, ಅದೂ ಹೋಯಿತು. ನೇರವಾಗಿ ಗುಹೆಯ ಕತ್ತಿವರಸೆ ಬಂತು. ನಾಯಕ, ಖಳನಾಯಕ ಇಬ್ಬರೂ ಬೆಳದಿಂಗಳಿಗೆ ಬಂದಾಗ ಎಲುಬು, ನೆರಳಿಗೆ ಸರಿದಾಗ ಮನುಷ್ಯರು. ಆರು ವರ್ಷದ ಮೊಮ್ಮಗ ನನ್ನ ಅಂಗಿ ಜಗ್ಗಿ, ‘ಅಜ್ಜ, ಈ ಜನ ಸತ್ತದ್ದಾ, ಬದುಕಿದ್ದಾ?’ ಎಂದು ಕೇಳಿದ. ಸೊಂಟಕ್ಕೆ ಚುಚ್ಚುತ್ತಿದ್ದ ಒಡೆದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತು ನಾನು ಅವನಿಗೆ ಶಾಪದ ಕಥೆಯನ್ನು ಪಿಸುಗುಟ್ಟಿ ಮುಗಿಸುವಾಗ ಖಳನಾಯಕ ಸತ್ತಿದ್ದ. ಅವನು ಬೀಳುವಾಗ ಕೈಯಿಂದ ಒಂದು ಸೇಬು ಉರುಳಿಹೋಗುತ್ತದೆ; ಇಷ್ಟು ವರ್ಷ ತಿನ್ನಲು ಹಂಬಲಿಸಿದ ಸೇಬು. ಇದನ್ನು ತಿಳಿದು ನೋಡಿದರೆ ಕೆಟ್ಟವನ ಮೇಲೂ ಒಂದು ಗಳಿಗೆ ಮರುಕ ಹುಟ್ಟುತ್ತದೆ. ತಿಳಿಯದವನಿಗೆ ಅದು ಬರಿಯ ಸೇಬು.

ಹಾಗೆಂದು ಕತ್ತಿವರಸೆ ಬೇಡವೆಂದು ನಾನು ಹೇಳುತ್ತಿಲ್ಲ. 1926ರ ಮೂಕಿ ಚಿತ್ರವೊಂದರಲ್ಲಿ ಡಗ್ಲಸ್ ಫೇರ್‌ಬ್ಯಾಂಕ್ಸ್ ಹಡಗಿನ ಹಾಯಿಗೆ ಚೂರಿ ಚುಚ್ಚಿ, ಅದನ್ನು ಸೀಳುತ್ತ ಮೇಲಿನಿಂದ ಕೆಳಕ್ಕೆ ಜಾರುವುದನ್ನು ಕಂಡರೆ ನಮ್ಮ ಯಕ್ಷಗಾನದಲ್ಲಿ ತರುಣ ವೀರರಾಗಿ ಬರುವ ಪುಂಡುವೇಷದವರ ದಿಗಿಣವೇ, ಆ ಚಿಮ್ಮುವ ಕುಣಿತವೇ, ನೆನಪಾಗುತ್ತದೆ. 1935ರ ‘ಕ್ಯಾಪ್ಟನ್ ಬ್ಲಡ್’ ಚಿತ್ರದಲ್ಲಿ ಎರೋಲ್ ಫ್ಲಿನ್ ಮತ್ತು ಬೇಸಿಲ್ ರಾತ್‌ಬೋನ್ ಕಡಲ ಅಂಚಿನ ಮರಳಿನಲ್ಲಿ ಕಾದಾಡುವಾಗ ಕೆಲವು ಕ್ಷಣ ಉಸಿರು ನಿಲ್ಲುತ್ತದೆ. ನಿಲ್ಲುವುದು ಅವರಿಬ್ಬರೂ ಅದುವರೆಗೆ ಜೊತೆಗಾರರಾಗಿದ್ದವರು ಎಂಬುದು ನಮಗೆ ಗೊತ್ತಿರುವುದರಿಂದ. 1952ರ ಚಿತ್ರವೊಂದರಲ್ಲಿ ಬರ್ಟ್ ಲಂಕಾಸ್ಟರ್ ತನ್ನ ಹಳೆಯ ಸರ್ಕಸ್ ಜೊತೆಗಾರನನ್ನೇ ಮೂಕ ಗೆಳೆಯನ ಪಾತ್ರಕ್ಕೆ ಹಾಕಿಕೊಂಡು, ಲಾಗ ಹಾಕುತ್ತ ನಗಿಸುತ್ತ ಇಡೀ ಸೈನ್ಯವನ್ನು ಯಾಮಾರಿಸುತ್ತಾನೆ. ಹಾಸ್ಯಗಾರನಿಲ್ಲದ ಯಕ್ಷಗಾನದ ಆಟವನ್ನು ಬೆಳಗಿನವರೆಗೆ ನೋಡುವವರುಂಟೇ?

ಕಥಾಸಾರವನ್ನು ಕನ್ನಡದಲ್ಲಿ ಹೇಳುತ್ತಾರೆಂದು ಕರಪತ್ರದಲ್ಲಿ ಅಚ್ಚಾಗಿತ್ತು. ಅದಕ್ಕೆಂದೇ ಬಂದಿದ್ದ ಅಧ್ಯಾಪಿಕೆಯೊಬ್ಬರು ಕೈಯಲ್ಲಿ ಹಾಳೆ ಹಿಡಿದು ವೇದಿಕೆಯ ಬದಿಯಲ್ಲಿ ಒಂದೂವರೆ ಗಂಟೆ ನಿಂತಿದ್ದರು. ಸಮಯದ ಅಭಾವವೆಂದು ಅವರನ್ನು ಕರೆಯಲೇ ಇಲ್ಲ. ನಾವು ಕೇರಳಕ್ಕೆ ಸೇರಿದ 1956ರಿಂದ ಈಚೆಗೆ ಕಾಸರಗೋಡಿನ ಕನ್ನಡದ ಪಾಲಿಗೆ ಯಾವಾಗಲೂ ಸಮಯದ ಅಭಾವವೇ. ಹೋದ ವರ್ಷ ರೇಷನ್ ಕಾರ್ಡಿನ ತಿದ್ದುಪಡಿಗೆ ಹೋದಾಗ ಕಚೇರಿಯೊಂದರಲ್ಲಿ ಮಲಯಾಳದ ಅರ್ಜಿ ಕೊಟ್ಟು, ‘ಯಾರಿಂದಲಾದರೂ ಓದಿಸಿಕೊಳ್ಳಿ’ ಎಂದರು. ಅದಕ್ಕೂ ಮೊದಲು ಬಸ್ಸಿನ ಬೋರ್ಡಿನ ವಿಚಾರಕ್ಕೆ ಮೂರು ಅರ್ಜಿ ಕೊಟ್ಟೆ. ಮೂರಕ್ಕೂ ಸ್ವೀಕೃತಿಯ ಮುದ್ರೆ ಬಿದ್ದಿದೆ, ಬೋರ್ಡು ಬದಲಾಗಿಲ್ಲ. ಅಂಥವರ ಕೈಗೆ ಚಿತ್ರ ಸಿಕ್ಕಿದರೆ ಕಥೆ ಉಳಿಯುವುದು ಹೇಗೆ?

ಉದ್ಘಾಟಕರು ಪ್ರವಾಸೋದ್ಯಮದ ಬಗ್ಗೆ ಮಾತನಾಡಿದ ಇಪ್ಪತ್ತೈದು ನಿಮಿಷದಲ್ಲಿ ಬೆನ್ನ ಹಿಂದೆಯೇ ನಿಂತಿದ್ದ, ಕೆಳದಿಯ ಶಿವಪ್ಪ ನಾಯಕ ಕಟ್ಟಿಸಿದನೆನ್ನಲಾದ ಬೇಕಲ ಕೋಟೆಯನ್ನು ತೋರಿಸಿ ಎರಡು ಮಾತು ಹೇಳಬಹುದಿತ್ತು. ಪೋರ್ಚುಗೀಸರು ಕಡಲ್ಗಳ್ಳನೆಂದು ಕರೆದು 1600ರಲ್ಲಿ ಗೋವೆಯಲ್ಲಿ ಕೊಂದ ನಾಲ್ಕನೆಯ ಕುಂಞಾಲಿಯ ಮನೆತನದವರು ಕಲ್ಲಿಕೋಟೆಯ ರಾಜ ಸಾಮೂದಿರಿಗೆ ನೌಕಾಪಡೆಯ ನಾಯಕರಾಗಿದ್ದರು ಎಂದು ಹೇಳಿದ್ದರೆ ಮಕ್ಕಳು ಕಣ್ಣರಳಿಸಿ ಕೇಳುತ್ತಿದ್ದರು. ಚಿತ್ರದಲ್ಲಿ ಕಪ್ಪು ಹಡಗು ರಾತ್ರಿ ಬಂದು ಬಂದರಿನ ಕೋಟೆಗೆ ಗುಂಡು ಹಾರಿಸುವ ಭಾಗವೊಂದಿದೆ. ಎದುರಿಗೆ ಕಡಲು, ಹಿಂದೆ ನಿಜವಾದ ಕೋಟೆ, ನಡುವೆ ಪರದೆ. ಇಂಥ ಜಾಗ ಯಾವ ಥಿಯೇಟರಿಗೂ ಸಿಕ್ಕದು. ಆ ಭಾಗ ಓಡುವಾಗಲೇ ಪರದೆಯ ನಡುವೆ ಬ್ಯಾಟರಿ ಮುಗಿಯುತ್ತಿದೆ ಎಂಬ ಸೂಚನೆ ಬಂದು ಐದು ನಿಮಿಷ ನಿಂತಿತು. ಮೂಲೆಯಲ್ಲಿ ಯಾವುದೋ ವೆಬ್‌ಸೈಟಿನ ಜಾಹೀರಾತು ಬೇರೆ ಮಿನುಗುತ್ತಿತ್ತು. ಕಡಲ್ಗಳ್ಳರ ಚಿತ್ರಕ್ಕೆ ಕಳ್ಳಪ್ರತಿಯನ್ನೇ ತಂದ ಔಚಿತ್ಯಪ್ರಜ್ಞೆಗೆ ಮಾತ್ರ ಇಲಾಖೆಯನ್ನು ಅಭಿನಂದಿಸಬೇಕು.

ಹತ್ತಕ್ಕೆ ಮೈಕು ಆರಿತು. ಕತ್ತಲಲ್ಲಿ ಮೊಮ್ಮಗಳ ಒಂದು ಚಪ್ಪಲಿ ಸಿಕ್ಕಲಿಲ್ಲ. ಕಾಸರಗೋಡಿಗೆ ಮುಟ್ಟುವಾಗ ಬದಿಯಡ್ಕದ ಕೊನೆಯ ಬಸ್ಸು ಹೋಗಿತ್ತು. ರಿಕ್ಷಾಕ್ಕೆ ಆರುನೂರು ರೂಪಾಯಿ ತೆತ್ತು ಮನೆ ಸೇರಿದೆ. ಪ್ರವೇಶ ಉಚಿತ ಎಂದು ಕರಪತ್ರದಲ್ಲಿ ದಪ್ಪ ಅಕ್ಷರದಲ್ಲಿತ್ತು.

ಆದುದರಿಂದ ಸಂಬಂಧಪಟ್ಟವರು ಅದೇ ಚಿತ್ರವನ್ನು ಮೊದಲಿನಿಂದ ಕೊನೆಯವರೆಗೆ, ಭಾಷಣವಿಲ್ಲದೆ, ಕನ್ನಡದಲ್ಲಿ ಕಥೆ ಹೇಳಿಸಿ ಮತ್ತೊಮ್ಮೆ ತೋರಿಸಬೇಕು. ಇಲ್ಲವಾದರೆ ಇಂಥ ಕಾರ್ಯಕ್ರಮಗಳನ್ನೇ ನಿಲ್ಲಿಸಬೇಕು. ರಾತ್ರಿ ಬಸ್ಸಿನ ವಿಚಾರವನ್ನೂ ಯಾರಾದರೂ ನೋಡಿಕೊಳ್ಳಬೇಕು. ಮಕ್ಕಳಿಗೆ ಬೇಕಾದದ್ದು ಫೈಟ್ ಮಾತ್ರ ಎಂದು ಅಪ್ಪಣೆ ಕೊಟ್ಟ ಮಹನೀಯರು ಒಂದು ರಾತ್ರಿ ನಾವು ವೇಷ ಕಟ್ಟುವ ಚೌಕಿಯ ಬದಿಯಲ್ಲಿ ಬಂದು ಕುಳಿತರೆ ಚಾಪೆ ನಾನೇ ಹಾಸಿಕೊಡುತ್ತೇನೆ, ಶುಭಾಶಂಸನೆಗೆ ಮಾತ್ರ ಕರೆಯುವುದಿಲ್ಲ.

ಇತಿ ತಮ್ಮ,
ಓರ್ವ ಹಳೆಯ ಓದುಗ, ಬದಿಯಡ್ಕ