ಪಕ್ಕದ ಸೀಟಿನಲ್ಲಿ ಕೂತು ಕಲಿಸಿದವರಿಗೆ

ಕೋನ್‌ಗಳನ್ನಿಟ್ಟು ಮಾಡಿದ ದಾರಿಯಲ್ಲಿ ಆದಷ್ಟು ಕಡಿಮೆ ಸಮಯದಲ್ಲಿ ಕಾರು ಓಡಿಸುವ ಆಟೋಕ್ರಾಸ್‌ನಲ್ಲಿ ಹೊಸಬರ ಸಾಲಿನಲ್ಲಿದ್ದ ನನ್ನ ಕಾರಿಗೆ ತಾವಾಗಿಯೇ ಬಂದು ಕೂತ ಹಿರಿಯ ಚಾಲಕರೇ, ಗಡಿಬಿಡಿಯಲ್ಲಿ ನಿಮ್ಮ ಹೆಸರು ಕೇಳೋಕೆ ಆಗಲಿಲ್ಲ. ನಿಮಗೆ ತುಂಬು ಮನಸ್ಸಿನ ಧನ್ಯವಾದ.

ನೀವು ವೇಗದ ಮಾತೇ ಎತ್ತಲಿಲ್ಲ. ಮೊದಲು ಸೀಟು ಸರಿ ಮಾಡಿಸಿದಿರಿ. ಬೆನ್ನು ಒರಗಿರುವಾಗಲೇ ಮಣಿಕಟ್ಟು ಸ್ಟೀರಿಂಗ್‌ನ ಮೇಲ್ತುದಿಗೆ ಮುಟ್ಟಬೇಕು, ಕೈಗಳು 9 ಮತ್ತು 3 ಗಂಟೆಯ ಜಾಗದಲ್ಲಿರಬೇಕು ಅಂದಿರಿ. ಆಮೇಲೆ ಕಣ್ಣು. ಹತ್ತಿರದ ಕೋನ್ ಬಿಟ್ಟು ಅದರಾಚೆಯದನ್ನು ನೋಡು ಅಂತ ಬೆರಳು ತೋರಿಸುತ್ತಲೇ ಇದ್ದಿರಿ.

ಬ್ರೇಕ್ ಬಗ್ಗೆ ಹೇಳಿದ್ದಂತೂ ಚಿನ್ನದಂಥ ಮಾತು. ಟೈರಿನ ಹಿಡಿತಕ್ಕೆ ಒಂದು ಮಿತಿ ಇದೆ. ಬ್ರೇಕಿಗೂ ತಿರುವಿಗೂ ಅದನ್ನೇ ಹಂಚಬೇಕು, ಅಲ್ವಾ? ಅದಕ್ಕೇ ಹೊಸಬರು ನೇರ ದಾರಿಯಲ್ಲೇ ಬ್ರೇಕ್ ಮುಗಿಸಿ ತಿರುಗುವುದು ಒಳ್ಳೆಯದು. ತಿರುವಿನ ಮಧ್ಯೆ ದಿಢೀರನೆ ಆಕ್ಸಿಲರೇಟರ್ ಬಿಟ್ಟರೆ ಭಾರ ಮುಂದಕ್ಕೆ ಬಂದು ಹಿಂದಿನ ಚಕ್ರಗಳು ಜಾರಬಹುದು. ಸ್ಟೀರಿಂಗ್ ನೇರವಾಗುತ್ತಾ ಬಂದಂತೆ ಆಕ್ಸಿಲರೇಟರ್ ಮೆಲ್ಲಗೆ ಜಾಸ್ತಿ ಒತ್ತು ಅಂತ ಪ್ರತಿ ತಿರುವಿನಲ್ಲೂ ಹೇಳಿದಿರಿ, ಒಮ್ಮೆಯೂ ದನಿ ಏರಿಸದೆ.

ಕೊನೆಯ ಓಟದಲ್ಲಿ ಟೈರುಗಳ ಕಿರುಚಾಟ ಕಡಿಮೆಯಾಯಿತು, ಸಮಯವೂ ಇಳಿಯಿತು. ನಿಮ್ಮ ಬಿಡುವನ್ನೆಲ್ಲ ಗುರುತಿಲ್ಲದ ನನಗೆ ಕೊಟ್ಟಿರಿ. ಮತ್ತೆ ಸಿಕ್ಕರೆ ಟ್ರೇಲ್ ಬ್ರೇಕಿಂಗ್, ಅಂದರೆ ತಿರುಗುತ್ತಾ ಬ್ರೇಕನ್ನು ಮೆಲ್ಲಗೆ ಬಿಡುವುದನ್ನು ಕೂಡ ನಿಮ್ಮಿಂದಲೇ ಕಲಿಯುವ ಆಸೆ ಇದೆ.