ಯಮಹಾ ಅಂದ್ರೆ ಬರೀ ಬೈಕ್ ಅಲ್ಲ ಅಪ್ಪಾ

ಹಮಾಮತ್ಸು, ಜಪಾನ್, ಭಾನುವಾರ

ತೀರ್ಥರೂಪರಾದ ಅಪ್ಪನಿಗೆ ನಮಸ್ಕಾರಗಳು. ನಾನು ಚೆನ್ನಾಗಿದ್ದೇನೆ. ಅಲ್ಲೂ ಎಲ್ಲರೂ ಕ್ಷೇಮ ಅಂದುಕೊಂಡಿದ್ದೇನೆ.

ನಿಮ್ಮ ಪತ್ರದ ಮೊದಲ ಸಾಲು ಓದಿದಾಗಲೇ ಗೊತ್ತಾಯಿತು, ಸುಮಾ ಬಾಯಿ ಬಿಟ್ಟಿದ್ದಾಳೆ. ತಂಗಿ ಮದುವೆ ಎದುರಿಗಿರುವಾಗ ಇವನಿಗೆ ಹಳೇ ಗಿಟಾರಿನ ಹುಚ್ಚು ಯಾಕೆ ಅಂತ ಕೇಳಿದ್ದೀರಿ. ದುಡ್ಡಿನ ಮಾತು ಮೊದಲು ಮುಗಿಸುತ್ತೇನೆ. ಮದುವೆಗೆ ತೆಗೆದಿಟ್ಟ ಹಣ ಬೇರೆ ಖಾತೆಯಲ್ಲಿದೆ. ಅದನ್ನು ಮುಟ್ಟಿಲ್ಲ, ಮುಟ್ಟುವುದೂ ಇಲ್ಲ. ಗಿಟಾರಿಗೆ ಹೋಗುವುದು ನನ್ನ ಬೋನಸ್ಸು. ಸಾಲ ಇಲ್ಲ, ಕಂತೂ ಇಲ್ಲ. ಬೇಕಿದ್ದರೆ ಪಾಸ್‌ಬುಕ್ಕಿನ ಫೋಟೋ ಸುಮಾಗೆ ಕಳಿಸುತ್ತೇನೆ, ನೋಡಿ.

ಬೈಕ್ ಕಂಪನಿಯವರ ಗಿಟಾರಾ ಅಂತ ನಗಾಡಿದ್ದೀರಲ್ಲ, ಕಥೆ ಉಲ್ಟಾ ಅಪ್ಪಾ. 1887ರಲ್ಲಿ ತೊರಾಕುಸು ಯಮಹಾ ಅನ್ನುವವರು ಇದೇ ಊರಿನ ಶಾಲೆಯಲ್ಲಿ ಕೆಟ್ಟು ಕೂತಿದ್ದ ಆರ್ಗನ್ ರಿಪೇರಿ ಮಾಡಿದರು. ಕಂಪನಿ ಶುರುವಾಗಿದ್ದೇ ಅಲ್ಲಿಂದ. ಬೈಕಿನವರು ಬೇರೆಯಾಗಿದ್ದು 1955ರಲ್ಲಿ. ಯಮಹಾ ಗುರುತಿನಲ್ಲಿ ಇರುವುದೂ ಶ್ರುತಿ ನೋಡುವ ಮೂರು ಟ್ಯೂನಿಂಗ್ ಫೋರ್ಕು. ಇಲ್ಲಿ ಯಾರನ್ನಾದರೂ ಕೇಳಿ, ಯಮಹಾ ಅಂದರೆ ಮೊದಲು ಪಿಯಾನೋ ಅನ್ನುತ್ತಾರೆ.

ನಾನು ನೋಡಿರುವುದು ಯಮಹಾದವರ ಎಸ್‌ಜಿ 2000 ಅನ್ನುವ ಎಲೆಕ್ಟ್ರಿಕ್ ಗಿಟಾರು. 1976ರಲ್ಲಿ ಬಂದ ಮಾಡೆಲ್. ಹೆಸರಾಂತ ಗಿಟಾರ್ ವಾದಕ ಕಾರ್ಲೋಸ್ ಸಂತಾನಾ ನುಡಿಸಿ ಹೆಸರು ಮಾಡಿದ್ದು. ಸಾಮಾನ್ಯವಾಗಿ ಗಿಟಾರಿನ ನೆಕ್ಕನ್ನು, ಅಂದರೆ ಉದ್ದನೆಯ ಕತ್ತನ್ನು, ಬಾಡಿ ಅನ್ನುವ ಅಗಲ ಭಾಗಕ್ಕೆ ಸ್ಕ್ರೂ ಹಾಕಿಯೋ ಅಂಟಿಸಿಯೋ ಕೂರಿಸುತ್ತಾರೆ. ಇದರಲ್ಲಿ ನೆಕ್ಕಿನ ಮರ ಬಾಡಿಯ ಕೊನೆವರೆಗೂ ಓಡುತ್ತದೆ. ತಂತಿಗಳು ಕೂರುವ ಬ್ರಿಡ್ಜಿನ ಕೆಳಗೆ ಹಿತ್ತಾಳೆ ಕೂರಿಸಿದ್ದಾರೆ. ಒಂದು ಸಲ ಮೀಟಿ ಬಿಟ್ಟರೆ ನಾದ ಸುಲಭಕ್ಕೆ ಆರುವುದಿಲ್ಲ. ಅಂಗಡಿಯಲ್ಲಿ ಕೇಳುತ್ತಾ ಕೂತೇ ಬಿಟ್ಟೆ.

ಆದರೆ ತಲೆನೋವೂ ಅಲ್ಲೇ ಇದೆ. ಈ ನೆಕ್ ತಿರುಚಿಕೊಂಡಿದ್ದರೆ ಬಿಚ್ಚಿ ಬೇರೆ ಹಾಕುವ ಹಾಗಿಲ್ಲ. ಸ್ವಲ್ಪ ಬಗ್ಗಿದ್ದರೆ ಪರವಾಗಿಲ್ಲ, ಒಳಗಿನ ಲೋಹದ ಸರಳು, ಟ್ರಸ್ ರಾಡ್ ಅನ್ನುತ್ತಾರೆ, ಅದನ್ನು ತಿರುಗಿಸಿ ಸರಿ ಮಾಡಬಹುದು. ನೀವು ಸೆಕೆಂಡ್ ಹ್ಯಾಂಡ್ ಆರ್‌ಎಕ್ಸ್ 100 ಕೊಳ್ಳುವಾಗ ಬಣ್ಣ ನೋಡದೆ ಹೊಗೆ ನೋಡಿದ್ದಿರಲ್ಲ, ಹಾಗೆ ನಾನೂ ನೆಕ್ಕನ್ನೇ ನೋಡಿದೆ. ನೆಕ್ಕಿನ ಮೇಲೆ ಅಡ್ಡಕ್ಕೆ ಕೂರಿಸಿದ ಲೋಹದ ಪಟ್ಟಿಗಳಿಗೆ ಫ್ರೆಟ್ ಅನ್ನುತ್ತಾರೆ. ದಪ್ಪ ತಂತಿಯನ್ನು ಮೊದಲ ಫ್ರೆಟ್ಟಿನಲ್ಲೂ ಕೊನೆಯ ಫ್ರೆಟ್ಟಿನಲ್ಲೂ ಒತ್ತಿ ಹಿಡಿದು, ನಡುವೆ ಎಷ್ಟು ಸಂದಿದೆ ಅಂತ ಬಗ್ಗಿ ನೋಡಿದೆ. ಒಂದು ತೆಳು ಕಾಗದ ತೂರುವಷ್ಟು. ಸಣ್ಣ ತಂತಿಯ ಕಡೆಯೂ ಅಷ್ಟೇ. ಅಂದರೆ ತಿರುಚಿಲ್ಲ. ರಾಡ್ ತಿರುಗುತ್ತದಾ ಅಂತ ಕೇಳಿದ್ದಕ್ಕೆ ಅಂಗಡಿಯವರು ಬೇಜಾರಿಲ್ಲದೆ ಕೀ ಹಾಕಿ ತೋರಿಸಿದರು.

ಇಲ್ಲಿಯ ಅಂಗಡಿಗಳ ತಮಾಷೆ ಕೇಳಿ. ಗಿಟಾರಿಗೆ ಕಟ್ಟಿದ ಚೀಟಿಯಲ್ಲಿ ಅದರ ತಪ್ಪುಗಳನ್ನೆಲ್ಲಾ ಅವರೇ ಬರೆದಿದ್ದಾರೆ! ಹಿಂದೆ ಬೆಲ್ಟಿನ ಬಕಲ್ ಉಜ್ಜಿದ ಗೀರು, ವಾಲ್ಯೂಮ್ ತಿರುಗಿಸಿದರೆ ಕರಕರ ಸದ್ದು, ಫ್ರೆಟ್ ಸವೆದಿದೆ. ಗೀರಿದ್ದರೆ ಇರಲಿ. ಕರಕರ ಒಂದು ಸ್ಪ್ರೇಗೆ ಹೋಗುತ್ತದೆ. ಫ್ರೆಟ್ಟಿನ ಸವೆತ ಮಾತ್ರ ಸುಮ್ನೆ ಬಿಡುವಂಥದ್ದಲ್ಲ. ಮೊದಲ ಮೂರು ಫ್ರೆಟ್ಟುಗಳಲ್ಲಿ ಸಣ್ಣ ತಂತಿಗಳ ಕೆಳಗೆ ಉಗುರಿಗೆ ಸಿಗುವಷ್ಟು ಕುಳಿ ಬಿದ್ದಿದೆ. ಹೊಸ ಫ್ರೆಟ್ ಹಾಕಿಸುವುದು ದೊಡ್ಡ ಖರ್ಚು. ನೀವೇ ಹಾಕಿಕೊಡಿ, ಇಲ್ಲಾ ಬೆಲೆ ಇಳಿಸಿ ಅಂದಿದ್ದೇನೆ. ಒಪ್ಪಿದರೆ ಶನಿವಾರ ತಗೊಳ್ಳುತ್ತೇನೆ. ಒಪ್ಪದಿದ್ದರೆ ಬಿಟ್ಟೆ. ಸಂತಾನಾ ಹೆಸರಿಗೆ ಜಾಸ್ತಿ ದುಡ್ಡು ಕೊಡುವವನು ನಾನಲ್ಲ.

ಅಮ್ಮನಿಗೆ ಹೇಳಿ, ಬಾಡಿಗೆ ಮನೆಯವರು ಬೈಯುವುದಿಲ್ಲ. ಇಲ್ಲಿ ವಾದ್ಯ ನುಡಿಸಬಾರದು ಅಂತ ಕರಾರಿನಲ್ಲೇ ಬರೆದಿರುವುದು ನಿಜ. ಆದರೆ ಇದು ಎಲೆಕ್ಟ್ರಿಕ್, ಹೆಡ್‌ಫೋನ್ ಹಾಕಿಕೊಂಡರೆ ಪಕ್ಕದ ಕೋಣೆಗೂ ಕೇಳಿಸದು. ನಾಲ್ಕು ಕಿಲೋಗೂ ಜಾಸ್ತಿ ತೂಕ, ನಿಜ. ಕೂತೇ ನುಡಿಸುತ್ತೇನೆ, ಬೆನ್ನಿಗೆ ಏನೂ ಆಗುವುದಿಲ್ಲ. ಊಟ, ನಿದ್ದೆ ಎಲ್ಲಾ ಸರಿಯಾಗಿದೆ. ಕೆಲಸವೂ ಗಟ್ಟಿಯಾಗಿದೆ. ನೀವು ಬಿಪಿ ಏರಿಸಿಕೊಳ್ಳಬೇಡಿ. ಮತ್ತೆ ಹೇಳುತ್ತೇನೆ, ಮದುವೆ ದುಡ್ಡು ಹಾಗೇ ಇದೆ.

ಶಿಫ್ಟಿಗೆ ಹೊತ್ತಾಯಿತು. ಛತ್ರಕ್ಕೆ ಮುಂಗಡ ಯಾವತ್ತು ಕಟ್ಟಬೇಕು ತಿಳಿಸಿ, ಒಂದು ವಾರ ಮೊದಲೇ ಹಾಕುತ್ತೇನೆ. ಸುಮಾಗೆ ಗುಟ್ಟು ಹೇಳುವುದು ಇದೇ ಕೊನೆ ಅಂತ ಹೇಳಿ.

ನಿಮ್ಮ ಮಗ,
ಶಶಿ