ಹಿನ್ನೀರಿನ ದಂಡೆಯಲ್ಲಿ ಗಾಜಿನ ಬೆಳೆ

ಮಾನ್ಯ ಸಂಪಾದಕರೇ,

ಬೇಸಿಗೆ ರಜೆಗೆಂದು ಬೆಂಗಳೂರಿನಿಂದ ಬಂದ ಇಬ್ಬರು ಮೊಮ್ಮಕ್ಕಳಿಗೆ ಗುಡಾರದಲ್ಲಿ ಮಲಗುವ ಹುಚ್ಚು. ಮನೆಯ ಜಗುಲಿಯಲ್ಲೇ ಸೊಳ್ಳೆ ಪರದೆ ಕಟ್ಟಿಕೊಡುತ್ತೇನೆ ಎಂದರೂ ಕೇಳಲಿಲ್ಲ. ಕೊನೆಗೆ ಏಪ್ರಿಲ್ ಎರಡನೇ ವಾರ ಲಿಂಗನಮಕ್ಕಿ ಹಿನ್ನೀರಿನ ದಂಡೆಯ ಒಂದು ಶಿಬಿರಕ್ಕೆ ಕರೆದುಕೊಂಡು ಹೋದೆ.

ಆ ಜಾಗ ನನಗೆ ಹೊಸದಲ್ಲ. 1964ರಲ್ಲಿ ಅಣೆಕಟ್ಟು ಮುಗಿದು ನೀರು ನಿಂತಾಗ ಮುಳುಗಿದ ಊರುಗಳಲ್ಲಿ ನಮ್ಮದೂ ಒಂದು. ನನಗಾಗ ಏಳು ವರ್ಷ. ಅದಕ್ಕೂ ಮೊದಲು ಕಟ್ಟಿದ್ದ ಹಿರೇಭಾಸ್ಕರ ಅಣೆಕಟ್ಟೆಯನ್ನೂ ಇದೇ ನೀರು ನುಂಗಿದೆ. ನೀರು ತೀರಾ ಇಳಿದ ವರ್ಷಗಳಲ್ಲಿ ಅದು ತಲೆ ಎತ್ತುತ್ತದೆ. ‘ಅಜ್ಜ, ನಿಮ್ಮ ಮನೆ ಎಲ್ಲಿತ್ತು?’ ಎಂದು ಕಿರಿಯವನು ಕೇಳಿದ. ನಾನು ನೀರಿನ ಕಡೆ ಕೈ ತೋರಿಸಿದೆ. ಅವನು ಬಹಳ ಹೊತ್ತು ಅತ್ತಲೇ ನೋಡಿ, ‘ಕಿಟಕಿ ಹಾಕಿದ್ದಿರಾ?’ ಎಂದ.

ಶಿಬಿರದವರ ಬಗ್ಗೆ ಹೆಚ್ಚಿನ ದೂರಿಲ್ಲ. ಲೈಫ್ ಜಾಕೆಟ್ ಹಾಕದೆ ತೆಪ್ಪ ಹತ್ತಿಸಲಿಲ್ಲ, ಗಂಜಿಗೆ ಮಿಡಿ ಉಪ್ಪಿನಕಾಯಿ ಕೊಟ್ಟರು, ರಾತ್ರಿ ಹತ್ತಕ್ಕೆ ಧ್ವನಿವರ್ಧಕ ನಿಲ್ಲಿಸಿದರು. ಅಷ್ಟು ಹೊತ್ತಾದರೂ ಅದು ಯಾಕೆ ಬೇಕಿತ್ತೋ, ಅದು ಬೇರೆ ಮಾತು.

ಬೆಳಿಗ್ಗೆ ದಂಡೆಗೆ ಇಳಿದೆವು. ಹಿನ್ನೀರನ್ನು ಮಳೆಗಾಲ ಕಳೆದ ಮೇಲಷ್ಟೇ ನೋಡಿದವರಿಗೆ ಏಪ್ರಿಲ್‌ನ ದಂಡೆ ಗುರುತೇ ಸಿಗುವುದಿಲ್ಲ. ನೀರು ಹಿಂದೆ ಸರಿದು ಕೆಂಪು ಮಣ್ಣು ಬಿರುಕು ಬಿಟ್ಟಿರುತ್ತದೆ, ಹಳೆಯ ಮರದ ಬೊಡ್ಡೆಗಳು ಎದ್ದು ನಿಂತಿರುತ್ತವೆ, ಪಸೆ ಇರುವಲ್ಲಿ ಹಸಿರು ಹುಲ್ಲು ಚಿಗುರಿ ಸುತ್ತಲಿನ ಊರಿನ ದನಗಳು ಮೇಯಲು ಬರುತ್ತವೆ. ಆ ಹುಲ್ಲಿನ ನಡುವೆ ಏನೋ ಹೊಳೆಯಿತು. ಬಿಯರ್ ಬಾಟಲಿಯ ತಳ, ಚೂಪು ಅಂಚು ಮೇಲೆ. ಎರಡು ಹೆಜ್ಜೆ ಆಚೆ ಇನ್ನೊಂದು. ಹಿರಿಯವನು ಅಕ್ಕಿಯ ಖಾಲಿ ಚೀಲ ಕೇಳಿ ತಂದ. ಅರ್ಧ ಗಂಟೆಯಲ್ಲಿ 43 ತುಂಡುಗಳನ್ನು ಎಣಿಸಿ ಹಾಕಿದ. ಕೆಲವಕ್ಕೆ ಚೀಟಿ ಇನ್ನೂ ಹೊಸದಾಗಿ ಅಂಟಿಕೊಂಡಿತ್ತು. ಹೆಚ್ಚಿನವು ಪಾಚಿಗಟ್ಟಿ ಕಪ್ಪಾಗಿದ್ದವು, ಅಂದರೆ ಮಳೆಗಾಲವನ್ನು ನೀರಿನಡಿಯಲ್ಲಿ ಕಳೆದು ಬಂದವು.

ಶಿಬಿರದ ಹುಡುಗನಿಗೆ ಚೀಲ ತೋರಿಸಿದೆ. ಪಾಪ, ಸಂಕೋಚದಿಂದಲೇ ಹೇಳಿದ: ‘ಮಳೆ ಬಂದರೆ ಎಲ್ಲ ಮುಚ್ಚಿಹೋಗುತ್ತದೆ ಸರ್.’

ಮುಚ್ಚಿಹೋಗುವುದೇ ತೊಂದರೆ. ಜೂನ್‌ನಿಂದ ನೀರು ಏರುತ್ತದೆ. ಇಂದು ಬಾಟಲಿ ಒಡೆದ ಜಾಗ ಅಕ್ಟೋಬರ್‌ನಲ್ಲಿ ಮೊಣಕಾಲುದ್ದ ನೀರು. ಮಕ್ಕಳು ಆಡಲು ಇಳಿಯುವುದು ಅಲ್ಲಿಯೇ. ಬೇಸಿಗೆಯಲ್ಲಿ ಅದೇ ಜಾಗ ಗೋಮಾಳ. ನಾವು ಹೊರಡುವಾಗ ಹೆಂಗಸೊಬ್ಬರು ಗೊರಸು ಸೀಳಿದ ಹಸುವೊಂದನ್ನು ಹೊಡೆದುಕೊಂಡು ಹೋಗುತ್ತಿದ್ದರು. ಅರಿಶಿನ, ಕೊಬ್ಬರಿ ಎಣ್ಣೆ ಹಚ್ಚಿ ಬಟ್ಟೆ ಸುತ್ತಿದ್ದರು. ಈ ಬೇಸಿಗೆಯಲ್ಲಿ ಇದು ಎರಡನೆಯ ಸಲವಂತೆ.

ಫಲಕ ಹಾಕಿದರೆ ಸಾಕೆಂದು ನಾನು ನಂಬುವುದಿಲ್ಲ. ಮೂವತ್ತೈದು ವರ್ಷ ಶಾಲೆಯಲ್ಲಿ ಫಲಕ ಬರೆಸಿದವನು ನಾನು. ನೆರೆಯ ತಮಿಳುನಾಡು 2022ರಲ್ಲಿ ನೀಲಗಿರಿ ಜಿಲ್ಲೆಯಲ್ಲಿ ಒಂದು ಕ್ರಮ ತಂದಿತು: ಮದ್ಯದ ಬಾಟಲಿಗೆ ಹತ್ತು ರೂಪಾಯಿ ಹೆಚ್ಚು ವಸೂಲಿ ಮಾಡಿ, ಖಾಲಿ ಬಾಟಲಿ ಹಿಂತಿರುಗಿಸಿದರೆ ಆ ಹಣ ವಾಪಸು. ಕುಡಿದವನು ಎಸೆದರೂ ಹತ್ತು ರೂಪಾಯಿಯ ಆಸೆಗೆ ಇನ್ನೊಬ್ಬ ಹೆಕ್ಕುತ್ತಾನೆ. ಸಾಗರ, ಹೊಸನಗರ ತಾಲ್ಲೂಕುಗಳ ಮಟ್ಟಿಗಾದರೂ ಇದನ್ನು ಪ್ರಯೋಗಿಸಿ ನೋಡಬಹುದು. ಗುಡಾರ ಹಾಕಲು ಅನುಮತಿ ಕೊಡುವವರು ಮೇ ಕೊನೆಯಲ್ಲಿ, ನೀರು ಏರುವ ಮೊದಲು, ದಂಡೆ ಹೆಕ್ಕಿಸಿದ್ದನ್ನು ನೋಡಿಯೇ ಮುಂದಿನ ವರ್ಷದ ಅನುಮತಿ ಕೊಡಲಿ. ಅದಕ್ಕೆ ದೊಡ್ಡ ಯೋಜನೆ ಬೇಕಿಲ್ಲ, ನಾಲ್ಕು ಆಳು, ಎರಡು ದಿನ.

ನಮ್ಮ ಅಕ್ಕಿ ಚೀಲ ಇನ್ನೂ ಕೊಟ್ಟಿಗೆಯ ಮೂಲೆಯಲ್ಲಿದೆ. ಗುಜರಿಯವನು ಒಡೆದ ಗಾಜು ಬೇಡವೆಂದ. ಎಲ್ಲಿಗೆ ಒಯ್ದು ಕೊಡಬೇಕೆಂದು ಬಲ್ಲವರು ಈ ಅಂಕಣದಲ್ಲೇ ತಿಳಿಸಿದರೆ ಉಪಕಾರವಾದೀತು.

– ನಿವೃತ್ತ ಶಿಕ್ಷಕ, ಸಾಗರ